ಹೆಣ್ಣುಮಕ್ಕಳ ಪಾಲು: ಅವಿಭಕ್ತ ಕುಟುಂಬ ಮತ್ತು ಕಾನೂನು

ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿವಿಭಾಗಕ್ಕೆ ಆಧಾರವಾದ ‘ಮಿತಾಕ್ಷರ’ವು ಕನ್ನಡ ನಾಡಿನಲ್ಲಿಯೇ ರಚಿತವಾದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವದು. ಕೆಲವು ದಶಕಗಳ ತರುವಾಯ ಅದೇ ಕಲ್ಯಾಣದಲ್ಲಿ ಶರಣರು ಹೆಣ್ಣುಗಂಡೆಂಬ ತಾರತಮ್ಯವನ್ನು ಅಲ್ಲಗಳೆದರು. ಆದರೆ ಹೊಲಮನೆಗಳ ಹಂಚಿಕೆಯಲ್ಲಿ ಮಾತ್ರ ಶರಣರ ಅನುಯಾಯಿಗಳ ಮನೆಗಳಲ್ಲಿಯೂ ನಡೆದುದು ಪಂಡಿತನ ವ್ಯಾಖ್ಯಾನವೇ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವೂ ವೀರಶೈವರನ್ನು, ಲಿಂಗಾಯತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ.

ಈ ಪದ್ಧತಿಯಲ್ಲಿ ಮಗನು ಹುಟ್ಟಿದೊಡನೆಯೇ ಪಿತ್ರಾರ್ಜಿತ ಆಸ್ತಿಗೆ ಪಾಲುದಾರ, ಅಂದರೆ ಸಹದಾಯಾದಿ. ಮಗಳು ಪರರ ಮನೆ ಸೇರುವವಳೆಂಬ ಭಾವನೆಯಿಂದ ಅವಳಿಗೆ ಆ ಸ್ಥಾನವಿರಲಿಲ್ಲ. ಮೈಸೂರು ಸಂಸ್ಥಾನವು 1933ರಲ್ಲಿಯೇ ಕಾನೂನು ಮಾಡಿ, ವಿಭಾಗದ ಕಾಲದಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ಕೊಡಿಸಿತು. ಆ ಕಾಲಕ್ಕೆ ಅದು ಸಾಹಸದ ಹೆಜ್ಜೆಯೇ ಸರಿ.

1956ರ ಅಧಿನಿಯಮವು ತಂದೆಯ ಉತ್ತರಾಧಿಕಾರಿಗಳಲ್ಲಿ ಮಗಳನ್ನು ಮಗನ ಸಾಲಿನಲ್ಲಿ ನಿಲ್ಲಿಸಿದರೂ ಸಹದಾಯಾದಿ ಸ್ಥಾನವನ್ನು ಕೊಡಲಿಲ್ಲ. ತಾಯಿ ಮೊದಲೇ ತೀರಿಕೊಂಡ ಮನೆಯಲ್ಲಿ ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆನ್ನೋಣ. ಒಂಬತ್ತು ಎಕರೆ ಪಿತ್ರಾರ್ಜಿತ ಜಮೀನಿದೆ. ತಂದೆ ಉಯಿಲು ಬರೆಯದೆ ಮೃತನಾದರೆ, ಮೊದಲು ಮೂವರು ಗಂಡಸರಿಗೆ ಮೂರು ಮೂರು ಎಕರೆಯೆಂದು ಭಾವಿಸಿ, ಬಳಿಕ ತಂದೆಯ ಮೂರೆಕರೆಯನ್ನು ಮಾತ್ರ ಮೂವರು ಮಕ್ಕಳಿಗೆ ಹಂಚಬೇಕು. ಗಂಡುಮಕ್ಕಳಿಗೆ ನಾಲ್ಕು ನಾಲ್ಕು ಎಕರೆ, ಮಗಳಿಗೆ ಒಂದೇ ಎಕರೆ! ಇಂದಿನ ಲೆಕ್ಕದಲ್ಲಿ ಮೂವರಿಗೂ ಮೂರು ಮೂರು ಎಕರೆ ಸಲ್ಲುತ್ತದೆ.

ಈ ಬದಲಾವಣೆ ಒಮ್ಮೆಗೇ ಬಂದುದಲ್ಲ. 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಮಗಳನ್ನು ಸಹದಾಯಾದಿಯಾಗಿಸಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. ಒಡಹುಟ್ಟಿದ ಅಕ್ಕತಂಗಿಯರಲ್ಲಿಯೇ, ಲಗ್ನದ ತಿಥಿಯ ಕಾರಣದಿಂದ, ತಂಗಿ ಪಾಲುದಾರಳು, ಅಕ್ಕ ಅಲ್ಲವೆಂಬ ವಿಚಿತ್ರ ಸ್ಥಿತಿ ಒದಗಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಈ ಭೇದವನ್ನು ಅಳಿಸಿತು. ಆಗ ಮತ್ತೊಂದು ಪ್ರಶ್ನೆ ಎದ್ದಿತು: ಆ ದಿನ ತಂದೆ ಬದುಕಿರಬೇಕೇ? ಬೇಕೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2018ರಲ್ಲಿ, 2001ರಲ್ಲಿಯೇ ಮೃತನಾದ ತಂದೆಯ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಕರ್ನಾಟಕದ ವ್ಯಾಜ್ಯಗಳೇ. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು, ಮಗಳ ಹಕ್ಕು ಹುಟ್ಟಿನಿಂದಲೇ ಬಂದುದು, ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ನಿರ್ಣಯಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತವಾದ ಅಥವಾ ನ್ಯಾಯಾಲಯದ ಡಿಕ್ರಿಯಿಂದಾದ ವಿಭಾಗಗಳಿಗೆ ಬಾಧೆಯಿಲ್ಲ.

ಕಾನೂನು ಇಷ್ಟು ದೂರ ಬಂದಿದ್ದರೂ, ತವರಿನ ಅರಿಸಿನ ಕುಂಕುಮದ ನಂಟು ಕಡಿದೀತೆಂಬ ಅಳುಕಿನಿಂದ ‘ಹಕ್ಕು ಬಿಡುಗಡೆ ಪತ್ರ’ಕ್ಕೆ ಸಹಿ ಹಾಕುವ ಸಹೋದರಿಯರಿದ್ದಾರೆ. ಸ್ವಸಂತೋಷದಿಂದ ಬಿಟ್ಟುಕೊಟ್ಟರೆ ಆಕ್ಷೇಪಿಸುವಂತಿಲ್ಲ. ಆದರೆ ಸ್ಥಿರಾಸ್ತಿಯನ್ನು ಕುರಿತ ಇಂಥ ಪತ್ರವು ನೋಂದಣಿಯಾಗಬೇಕು. ವಂಚನೆಯಿಂದಲೋ ಬಲಾತ್ಕಾರದಿಂದಲೋ ಪಡೆದ ಸಹಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಅವಕಾಶ ಅವಳಿಗಿದೆ.