ಚರ್ಮಗಂಟು ರೋಗ: ಲಸಿಕೆಯೇ ಹಟ್ಟಿಗೆ ಕಾವಲು

ಥಾಣೆ: ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡಿಗರ ದುಡಿಮೆ ಇಲ್ಲಾದರೂ ಅನೇಕರ ಹಟ್ಟಿ ಇರುವುದು ಊರಿನಲ್ಲಿ. 2022ರಲ್ಲಿ ಲಂಪಿ ಅಥವಾ ಚರ್ಮಗಂಟು ರೋಗ ಹರಡಿದಾಗ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ಗೋಪಾಲಕರು ಕಂಗಾಲಾಗಿದ್ದರು.

ಸೊಳ್ಳೆ, ನೊಣ, ಉಣ್ಣೆಗಳಿಂದ ಹರಡುವ ಈ ರೋಗ ದೇಶದಲ್ಲಿ ಮೊದಲು ಕಂಡುಬಂದದ್ದು 2019ರಲ್ಲಿ, ಒಡಿಶಾದಲ್ಲಿ. ಜ್ವರ, ಮೈತುಂಬ ಗಂಟು ಇದರ ಲಕ್ಷಣ. ಮನುಷ್ಯರಿಗೆ ತಗಲುವುದಿಲ್ಲ; ಹಾಲನ್ನು ಕುದಿಸಿ ಕುಡಿಯಬಹುದು. ರೋಗಕ್ಕೆ ನೇರ ಮದ್ದಿಲ್ಲದ ಕಾರಣ, ಅದೇ ಕುಲದ ವೈರಾಣುವಿನಿಂದ ತಯಾರಾದ ಆಡಿನ ಸಿಡುಬಿನ ಲಸಿಕೆಯನ್ನೇ ಸರಕಾರ ಹಸುಗಳಿಗೆ ಉಚಿತವಾಗಿ ಹಾಕಿಸಿತು. ಸತ್ತ ಹಸುವಿಗೆ ಮಹಾರಾಷ್ಟ್ರ 30 ಸಾವಿರ, ಕರ್ನಾಟಕ 20 ಸಾವಿರ ರೂ. ಪರಿಹಾರ ಘೋಷಿಸಿದವು. ಕರೆಯುವ ಹಸುವನ್ನು ಕಳೆದುಕೊಂಡ ಮನೆಗೆ ಆ ಹಣದಲ್ಲಿ ಅಂಥದೇ ಇನ್ನೊಂದು ಹಸು ಸಿಗುವುದು ಕಷ್ಟ.

ಚುಚ್ಚಿದರೆ ಹಾಲು ಬತ್ತುತ್ತದೆಂದು ಊರಿನ ಹಿರಿಯರು ಹಿಂಜರಿಯುವುದುಂಟು. ಕೆಲ ದಿನ ಹಾಲು ತುಸು ಇಳಿಯಬಹುದು, ಮತ್ತೆ ಸರಿಹೋಗುತ್ತದೆ. ಹಟ್ಟಿಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ತೊಲಗಿದ್ದು ಲಸಿಕೆಯ ಬಲದಿಂದ. ಕಾಲುಬಾಯಿ ಜ್ವರದ ವಿರುದ್ಧವೂ 2019ರಲ್ಲಿ ಕೇಂದ್ರ ಸರಕಾರ ಉಚಿತ ಲಸಿಕೆ ಕಾರ್ಯಕ್ರಮ ಆರಂಭಿಸಿದೆ.

ಊರಿಗೆ ಫೋನು ಮಾಡುವಾಗ ಮಳೆ, ಬೆಳೆ ವಿಚಾರಿಸಿದಂತೆ ದನಗಳಿಗೆ ಲಸಿಕೆ ಆಯಿತೇ ಎಂದೂ ಒಂದು ಮಾತು ಕೇಳುವುದು ಒಳಿತು.