ಬಿ. ಬಸವಲಿಂಗಪ್ಪನವರು: ಆಡಿದ ಮಾತು, ಮಾಡಿದ ಶಾಸನ

ಬಿ. ಬಸವಲಿಂಗಪ್ಪನವರ ಹೆಸರೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಒಂದೇ ಶಬ್ದ: ಬೂಸಾ. ಆ ಶಬ್ದವೆಬ್ಬಿಸಿದ ಧೂಳಿನಲ್ಲಿ ಅವರ ಶಾಸನಕಾರ್ಯವು ಮರೆಯಾಗಿದೆಯೆಂದು ನಾವು ಭಾವಿಸುತ್ತೇವೆ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವರ್ಣಭೇದವನ್ನು ಕಾನೂನೇ ವಿಧಿಸಿತ್ತು. ಅಲ್ಲಿನ ಸುಧಾರಕರು ಕಾನೂನನ್ನೇ ಅಳಿಸಬೇಕಾಗಿದ್ದಿತು. ನಮ್ಮಲ್ಲಿ ಸ್ಥಿತಿ ಬೇರೆ. ಸಂವಿಧಾನದ 17ನೆಯ ಅನುಚ್ಛೇದವು 1950ರಲ್ಲಿಯೇ ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸಿದ್ದಿತು. 1955ರಲ್ಲಿ ದಂಡನೆಯ ಅಧಿನಿಯಮವೂ ಬಂದಿತು. ಆದರೂ ಪುರಸಭೆಗಳು ತಾವೇ ಸಂಬಳವಿತ್ತು ಮನುಷ್ಯರ ತಲೆಯ ಮೇಲೆ ಮಲವನ್ನು ಹೊರಿಸುತ್ತಿದ್ದವು. ದೇವರಾಜ ಅರಸರ ಮೊದಲ ಸಂಪುಟದಲ್ಲಿ ಪೌರಾಡಳಿತವನ್ನು ವಹಿಸಿಕೊಂಡಿದ್ದ ಬಸವಲಿಂಗಪ್ಪನವರು ಈ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರವು ಇದಕ್ಕಾಗಿ ಅಧಿನಿಯಮವನ್ನು ರಚಿಸಿದ್ದು 1993ರಲ್ಲಿ, ಎಂದರೆ ಸುಮಾರು ಇಪ್ಪತ್ತು ವರ್ಷಗಳ ತರುವಾಯ. ಆಜ್ಞೆಯೊಂದರಿಂದಲೇ ಪದ್ಧತಿಯು ಅಳಿಯಲಿಲ್ಲವೆಂಬುದೂ ನಿಜ.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಅದೇ ತಿಂಗಳು ಮೈಸೂರಿನ ಸಭೆಯೊಂದರಲ್ಲಿ ಅವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳವಿದೆಯೆಂದೂ ದಲಿತ ವಿದ್ಯಾರ್ಥಿಗಳು ಇಂಗ್ಲಿಷನ್ನು ಕಲಿಯಬೇಕೆಂದೂ ಹೇಳಿದರು. ಬೂಸಾ ದನದ ಮೇವು. ಮಾತು ಒರಟಾಗಿಯೇ ಇದ್ದಿತು. ಆದರೆ ಅದಕ್ಕೆ ಉತ್ತರವಾಗಿ ಬಂದುದು ವಿಮರ್ಶೆಯಲ್ಲ. ಮೆರವಣಿಗೆ, ಹೊಡೆದಾಟ, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ. ಅವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಮುಂದೆ ರೂಪುಗೊಂಡ ದಲಿತ ಸಂಘರ್ಷ ಸಮಿತಿಗೂ ದಲಿತ ಸಾಹಿತ್ಯಕ್ಕೂ ಈ ಪ್ರಕರಣವು ಒಂದು ಮುಖ್ಯ ಪ್ರೇರಣೆಯಾಯಿತು.

ಇಲ್ಲಿ ಜಾರ್ಜಿಯ ರಾಜ್ಯದ ಕರಿಯ ಶಾಸಕ ಜೂಲಿಯನ್ ಬಾಂಡನ ನೆನಪಾಗುತ್ತದೆ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಹೇಳಿಕೆಯನ್ನು ಅನುಮೋದಿಸಿದುದಕ್ಕಾಗಿ 1966ರ ಜನವರಿಯಲ್ಲಿ ಅಲ್ಲಿನ ಶಾಸನಸಭೆಯು ಅವನಿಗೆ ಪೀಠವನ್ನು ನಿರಾಕರಿಸಿತು. ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ದೊರಕಿಸಿಕೊಟ್ಟಿತು. ಮಂತ್ರಿಗೆ ಅಂತಹ ನ್ಯಾಯಾಲಯವಿಲ್ಲ. ಆತನು ಇರುವುದು ಮುಖ್ಯಮಂತ್ರಿಯ ವಿಶ್ವಾಸವಿರುವವರೆಗೆ ಮಾತ್ರ.

ಬಸವಲಿಂಗಪ್ಪನವರು ಮತ್ತೆ ಅಧಿಕಾರಕ್ಕೆ ಬಂದರು. ಅವರು ಕಂದಾಯ ಮಂತ್ರಿಗಳಾಗಿದ್ದಾಗ, 1978ರಲ್ಲಿ, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಮಂಜೂರಾದ ಜಮೀನುಗಳ ಪರಭಾರೆಯನ್ನು ನಿಷೇಧಿಸುವ ಅಧಿನಿಯಮವು ಅಂಗೀಕೃತವಾಗಿ, 1979ರ ಜನವರಿ 1ರಿಂದ ಜಾರಿಗೆ ಬಂದಿತು. ಇದರ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರದಲ್ಲಿ ಭೂಹೀನನಾದ ದಲಿತನೊಬ್ಬನಿಗೆ ಸರ್ಕಾರವು ಇಂತಿಷ್ಟು ವರ್ಷ ಮಾರಕೂಡದೆಂಬ ಷರತ್ತಿನೊಡನೆ ಎರಡು ಎಕರೆ ಕೊಟ್ಟಿತೆನ್ನೋಣ. ಮಗಳ ಮದುವೆಯ ಸಾಲಕ್ಕೆ ಅವನು ಅವಧಿಗೆ ಮೊದಲೇ ಅದನ್ನು ಸಾಹುಕಾರನಿಗೆ ಬರೆದುಕೊಟ್ಟ. ಈ ಅಧಿನಿಯಮದ ಪ್ರಕಾರ, ಕ್ರಯಪತ್ರವು 1979ಕ್ಕಿಂತ ಹಿಂದಿನದಾದರೂ ಶೂನ್ಯ. ಉಪವಿಭಾಗಾಧಿಕಾರಿಯು ವಿಚಾರಣೆ ನಡೆಸಿ ಜಮೀನನ್ನು ಮೂಲ ಮಂಜೂರಾತಿದಾರನಿಗೆ, ಅವನಿಲ್ಲವಾದರೆ ವಾರಸುದಾರರಿಗೆ, ಹಿಂದಿರುಗಿಸಬೇಕು. ಜಾರಿಯಾದ ಮೇಲೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅಂತಹ ಜಮೀನನ್ನು ಮಾರುವಂತೆಯೇ ಇಲ್ಲ.

ಹಿಂದಿನ ವ್ಯವಹಾರವನ್ನೂ ಕೆದಕುವ ಈ ಅಂಶವನ್ನು ಕೊಂಡವರು ಪ್ರಶ್ನಿಸಿದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಧಿನಿಯಮವನ್ನು ಎತ್ತಿಹಿಡಿಯಿತು. ಬಡವನ ಕೈಯನ್ನು ಕಟ್ಟಿಯೇ ಅವನ ಹೊಲವನ್ನು ಉಳಿಸುವ ಶಾಸನವಿದು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಕೈ ಸಾಹುಕಾರನ ಎದುರಿನಲ್ಲಿ ಎಷ್ಟರಮಟ್ಟಿಗೆ ಸ್ವತಂತ್ರವಾಗಿದ್ದಿತೆಂಬುದನ್ನೂ ಕೇಳಬೇಕಾಗುತ್ತದೆ.

2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದ ತೀರ್ಪು ಅರ್ಜಿಯನ್ನು ಯುಕ್ತ ಕಾಲದೊಳಗೆ ಸಲ್ಲಿಸಬೇಕೆಂದಿತು. ಬಹುಕಾಲ ಸುಮ್ಮನಿದ್ದ ಕುಟುಂಬಗಳಿಗೆ ಇದು ದೊಡ್ಡ ತಡೆಯಾಯಿತು. 2023ರಲ್ಲಿ ವಿಧಾನಮಂಡಲವು ತಿದ್ದುಪಡಿಯ ಮೂಲಕ ಅರ್ಜಿಗೆ ಕಾಲಮಿತಿಯಿಲ್ಲವೆಂದು ವಿಧಿಸಿತು.