ರೋಗಿಯ ಸರದಿ

ಯಾವುದಾದರೊಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಮುಂಬಾಗಿಲಿಗೆ ಬೆಳಗಿನ ಆರು ಗಂಟೆಗೆ ಹೋಗಿ ನಿಂತವರಿಗೆ ನಮ್ಮ ಆರೋಗ್ಯ ವ್ಯವಸ್ಥೆಯ ಒಂದು ಮುಖ್ಯ ಲಕ್ಷಣವು ಯಾರೂ ಹೇಳದೆಯೇ ಮನವರಿಕೆಯಾಗುವುದು. ಚೀಟಿ ಕೊಡುವ ಕಿಂಡಿಯು ಇನ್ನೂ ತೆರೆದಿರುವುದಿಲ್ಲ. ಸಾಲು ಮಾತ್ರ ಆಗಲೇ ಬೆಳೆದಿರುತ್ತದೆ. ದೂರದ ತಾಲ್ಲೂಕುಗಳಿಂದ ರಾತ್ರಿಯ ಬಸ್ಸಿನಲ್ಲಿ ಬಂದವರು ಜಗಲಿಯ ಮೇಲೆಯೇ ಮಲಗಿ ಎದ್ದಿರುತ್ತಾರೆ. ದಿನದ ಕೂಲಿಯನ್ನು ಬಿಟ್ಟು ಬಂದ ಮಗ, ಅವನ ಹೆಗಲಿಗೊರಗಿದ ತಾಯಿ, ಕಂಕುಳಲ್ಲಿ ಕೂಸನ್ನೆತ್ತಿಕೊಂಡ ಹೆಣ್ಣುಮಗಳು, ಇವರೆಲ್ಲರೂ ಕೇಳುವುದು ಒಂದೇ ಪ್ರಶ್ನೆ: ನಮ್ಮ ಸರದಿ ಎಷ್ಟು ಹೊತ್ತಿಗೆ ಬರುವುದು? ಇದಕ್ಕೆ ಉತ್ತರ ಹೇಳುವುದು ತನ್ನ ಕೆಲಸವೆಂದು ತಿಳಿದವರು ಅಲ್ಲಿ ಒಬ್ಬರೂ ಸಿಕ್ಕುವುದಿಲ್ಲ.

ಸರ್ಕಾರದವರು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿರುವರೆಂದು ನಾವು ಹೇಳುವುದಿಲ್ಲ. 2015ನೆಯ ಇಸವಿ ಜುಲೈ ತಿಂಗಳಲ್ಲಿ, ಮನೆಯಲ್ಲಿದ್ದುಕೊಂಡೇ ಅಂತರ್ಜಾಲದ ಮೂಲಕ ಸರ್ಕಾರಿ ಆಸ್ಪತ್ರೆಗಳಲ್ಲಿ ಸರದಿಯನ್ನು ಕಾದಿರಿಸುವ ಏರ್ಪಾಡು ಆರಂಭವಾಯಿತು. ದಿಲ್ಲಿಯ ಏಮ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಅದರಲ್ಲಿ ಮೊದಲು ಸೇರಿದ ಸಂಸ್ಥೆಗಳ ಸಾಲಿನಲ್ಲಿವೆ. 2022ರಲ್ಲಿ, ಆಸ್ಪತ್ರೆಯ ಗೋಡೆಯ ಮೇಲಿನ ಸಂಕೇತ ಚಿತ್ರವನ್ನು ಮೊಬೈಲಿಗೆ ತೋರಿಸಿ ತನ್ನ ವಿವರವನ್ನು ಒಪ್ಪಿಸಿ, ಕೂಡಲೆ ಟೋಕನ್ ಪಡೆಯುವ ಸೌಕರ್ಯವೂ ಬಂದಿತು. ಇವು ಅಭಿನಂದನೀಯವಾದ ಕಾರ್ಯಗಳೇ ಸರಿ. ಆದರೆ ಚೀಟಿಯ ಕಿಂಡಿಯ ಮುಂದಿನ ಸಾಲು ಬೇರೆ, ವೈದ್ಯರ ಬಾಗಿಲಿನ ಮುಂದಿನ ಸಾಲು ಬೇರೆ. ಮೊದಲನೆಯದನ್ನು ಕರಗಿಸಿ ಎರಡನೆಯದನ್ನು ಹಾಗೆಯೇ ಬಿಟ್ಟರೆ, ನಿಂತು ಕಾಯುತ್ತಿದ್ದ ರೋಗಿಯು ಕುಳಿತು ಕಾಯುವನು, ಅಷ್ಟೇ ಭೇದ.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ವೈದ್ಯರೊಬ್ಬರು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಕುಳಿತು, ಒಬ್ಬೊಬ್ಬರಿಗೆ 6 ನಿಮಿಷದಂತೆ 40 ಮಂದಿಯನ್ನು ನೋಡುವರೆಂದು ಇಟ್ಟುಕೊಳ್ಳಿರಿ. ಎಲ್ಲರಿಗೂ ‘ಒಂಬತ್ತಕ್ಕೆ ಬನ್ನಿ’ ಎಂದು ಹೇಳಿದರೆ ಕೊನೆಯವನು ಸುಮಾರು ನಾಲ್ಕು ಗಂಟೆ ಕಾಯುವನು. ಸರಾಸರಿಯಲ್ಲಿ ತಲೆಗೆ ಎರಡು ಗಂಟೆ ಬೀಳುವುದು. ಒಬ್ಬ ವೈದ್ಯರ ನಾಲ್ಕು ಗಂಟೆಯ ಕೆಲಸಕ್ಕೆ ಜನರ ಸುಮಾರು 80 ಗಂಟೆಗಳು ವ್ಯರ್ಥವಾದಂತಾಯಿತು. ವೈದ್ಯರು ಅರ್ಧ ಗಂಟೆ ತಡವಾಗಿ ಬಂದರೆ ಇನ್ನೂ 20 ಗಂಟೆಗಳು ಸೇರುವುವು. ಈ ನಷ್ಟವು ಯಾವ ಆಯವ್ಯಯ ಪತ್ರದಲ್ಲಿಯೂ ಕಾಣಿಸುವುದಿಲ್ಲ. ಏಕೆಂದರೆ ಅದನ್ನು ತೆರುವವನು ಬಡವನು.

ಈ ಸಮಸ್ಯೆಯು ಹೊಸದಲ್ಲ, ಪರಿಹಾರವೂ ಅಜ್ಞಾತವಾದುದಲ್ಲ. ಇಂಗ್ಲೆಂಡಿನ ಗಣಿತಜ್ಞ ನಾರ್ಮನ್ ಬೇಯ್ಲಿಯವರು 1952ರಲ್ಲಿಯೇ ಆಸ್ಪತ್ರೆಯ ಹೊರರೋಗಿಗಳ ಸಾಲನ್ನು ಕುರಿತು ಶಾಸ್ತ್ರೀಯವಾಗಿ ವಿಚಾರ ಮಾಡಿದರು. ಪ್ರಾರಂಭದ ಹೊತ್ತಿಗೆ ಇಬ್ಬರನ್ನು ಕರೆದು, ಅನಂತರ ತಪಾಸಣೆಗೆ ಸರಾಸರಿ ಎಷ್ಟು ಕಾಲ ಹಿಡಿಯುವುದೋ ಅಷ್ಟು ಕಾಲಕ್ಕೊಬ್ಬರಂತೆ ಬರಹೇಳಿದರೆ, ವೈದ್ಯರೂ ಸುಮ್ಮನೆ ಕೂರಬೇಕಾಗುವುದಿಲ್ಲ, ರೋಗಿಗಳೂ ಹೆಚ್ಚು ಕಾಯಬೇಕಾಗುವುದಿಲ್ಲ ಎಂಬುದು ಅವರ ವಿಚಾರದ ಸಾರ. ಇದಕ್ಕೆ ಬೇಕಾದುದು ಗಡಿಯಾರ, ದಫ್ತರ ಮತ್ತು ಹೇಳಿದ ಹೊತ್ತಿಗೆ ಬಂದು ಕೂರುವ ವೈದ್ಯರು. ಮೂರನೆಯದಿಲ್ಲದಿದ್ದರೆ ಎಂತಹ ಗಣಕಯಂತ್ರವೂ ನಿರರ್ಥಕವೇ.

ಆದರೆ ಸರದಿಯ ಪುಸ್ತಕವನ್ನು ಅಂತರ್ಜಾಲದೊಳಗೆ ಇಟ್ಟ ಮಾತ್ರಕ್ಕೆ ನ್ಯಾಯ ದೊರೆಯುವುದೆಂದು ಭಾವಿಸಲಾಗದು. 2021ನೆಯ ಇಸವಿಯ ಅನುಭವವನ್ನು ನಮ್ಮ ವಾಚಕರು ಮರೆತಿರಲಾರರು. ಆ ವರ್ಷದ ಮೇ 1ರಿಂದ, 18ರಿಂದ 44 ವರ್ಷದವರು ಕೋವಿಡ್ ಲಸಿಕೆಗೆ ಕೋವಿನ್ ಜಾಲತಾಣದಲ್ಲಿಯೇ ಸರದಿ ಹಿಡಿಯಬೇಕೆಂದು ನಿಯಮವಾಯಿತು. ಸರದಿ ತೆರೆದೊಡನೆ ಎಚ್ಚರಿಸುವ ಉಪಾಯಗಳನ್ನು ಕಲ್ಪಿಸಿಕೊಂಡ ಚತುರರು ಕ್ಷಣಮಾತ್ರದಲ್ಲಿ ಸ್ಥಳಗಳನ್ನು ತುಂಬಿದರು. ನಗರವಾಸಿಗಳು ಮೋಟಾರಿನಲ್ಲಿ ಹಳ್ಳಿಯ ಕೇಂದ್ರಗಳಿಗೆ ಹೋಗಿ ಲಸಿಕೆ ಪಡೆದರು. ಆ ಹಳ್ಳಿಯವರು ನೋಡುತ್ತ ನಿಂತರು. ಮೊದಲು ಇಂಗ್ಲಿಷಿನಲ್ಲಿದ್ದ ಆ ಜಾಲತಾಣಕ್ಕೆ ಕನ್ನಡವೇ ಮೊದಲಾದ ದೇಶಭಾಷೆಗಳು ಬಂದುದು ಜೂನ್ ತಿಂಗಳಲ್ಲಿ. ಮೇ 24ರಂದು ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ಹೆಸರು ಬರೆಸಲು ಅವಕಾಶವಾಯಿತು. ಜಾಲತಾಣವೊಂದನ್ನೇ ನಂಬಿದ ನೀತಿಯಿಂದ ಸರ್ವರಿಗೂ ಲಸಿಕೆ ತಲಪಲಾರದೆಂದು ಸುಪ್ರೀಂ ಕೋರ್ಟು ಆ ತಿಂಗಳ 31ರಂದು ಎಚ್ಚರಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಎಂದಾದರೊಮ್ಮೆ ಅಂತರ್ಜಾಲವನ್ನು ಬಳಸಿದ್ದವರು ನೂರಕ್ಕೆ 33 ಮಂದಿ, ಪುರುಷರಲ್ಲಿ 57 ಮಂದಿ. ಆಸ್ಪತ್ರೆಯ ಅಗತ್ಯ ಹೆಚ್ಚಾಗಿರುವ ಮುದುಕರ ಮಾತು ಈ ಲೆಕ್ಕದಲ್ಲಿ ಬಂದೇ ಇಲ್ಲ.

ಆದುದರಿಂದ ಸರದಿಯ ವ್ಯವಸ್ಥೆಯನ್ನು ರಚಿಸುವ ಅಧಿಕಾರಿಗಳು, ಅದನ್ನು ಬಳಸಲು ಎಲ್ಲರಿಗಿಂತ ಕಡಿಮೆ ಶಕ್ತನಾದವನನ್ನು ಮುಂದೆ ಕೂರಿಸಿಕೊಂಡು ರಚಿಸತಕ್ಕದ್ದು. ಮೊದಲನೆಯದಾಗಿ, ಅದರ ಮಾತು ಮನೆಯ ಕನ್ನಡವಾಗಿರಲಿ. ಇಲಾಖೆಯ ಪಾರಿಭಾಷಿಕ ಹೆಸರನ್ನು ಆರಿಸಿಕೊಳ್ಳೆಂದು ಕೇಳುವುದಕ್ಕಿಂತ ‘ಕಣ್ಣು’, ‘ಎಲುಬು’, ‘ಮಕ್ಕಳ ಕಾಯಿಲೆ’ ಎಂದು ಕೇಳುವುದು ಲೇಸು. ಎರಡನೆಯದಾಗಿ, ಮನೆಗೊಂದೇ ಮೊಬೈಲಿರುವ ಕುಟುಂಬದಲ್ಲಿ ಆ ಒಂದು ಸಂಖ್ಯೆಯಿಂದಲೇ ಅತ್ತೆಗೂ ಸೊಸೆಗೂ ಮಗುವಿಗೂ ಸರದಿ ಹಿಡಿಯಲು ಸಾಧ್ಯವಾಗಬೇಕು. ಮೂರನೆಯದಾಗಿ, ಓದಲಾರದವರಿಗೆ ದೂರವಾಣಿಯಲ್ಲಿ ಮಾತಾಡಿ ಸರದಿ ಪಡೆಯುವ ಮಾರ್ಗವಿರಬೇಕು. ಇಂಗ್ಲೆಂಡಿನಲ್ಲಿ ಮನೆವೈದ್ಯರು ದೊಡ್ಡ ಆಸ್ಪತ್ರೆಗೆ ಕಳುಹಿಸಿದ ರೋಗಿಗೆ ಅಂತರ್ಜಾಲದ ಜತೆಗೆ ದೂರವಾಣಿಯ ದಾರಿಯನ್ನೂ ತೆರೆದಿಟ್ಟಿದ್ದಾರೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಜಿಲ್ಲಾಸ್ಪತ್ರೆಯ ಸರದಿಯನ್ನು ಬರೆಸಿ, ದಿನವನ್ನೂ ಹೊತ್ತನ್ನೂ ಚೀಟಿಯಲ್ಲಿ ಕಾಣಿಸಿ ಕೊಟ್ಟರೆ ಎಷ್ಟೋ ಪ್ರಯಾಣಗಳು ವ್ಯರ್ಥವಾಗುವುದು ತಪ್ಪುವುದು.

ನಾಲ್ಕನೆಯದಾಗಿ, ಹಿಂದಿನ ದಿನ ನೆನಪಿನ ಸಂದೇಶ ಹೋಗಬೇಕು. ಬರಲಾರದವನು ಸುಲಭವಾಗಿ ಸರದಿಯನ್ನು ಬಿಟ್ಟುಕೊಡುವಂತಿರಬೇಕು. ವೈದ್ಯರು ರಜೆಯ ಮೇಲಿದ್ದರೆ ಆ ಸಂಗತಿ ರೋಗಿಯು ಬಸ್ಸು ಹತ್ತುವ ಮೊದಲೇ ಅವನಿಗೆ ತಿಳಿಯಬೇಕು. ಕೊನೆಯದಾಗಿ, ಪ್ರತಿದಿನದ ಸರದಿಗಳಲ್ಲಿ ಒಂದು ಭಾಗವನ್ನು ನಡೆದು ಬಂದವರಿಗಾಗಿಯೇ ಮೀಸಲಿಟ್ಟು, ಅವರಿಗೂ ಚೀಟಿಯ ಮೇಲೆ ಹೊತ್ತನ್ನು ಬರೆದು ಕೊಡಬೇಕು. ತುರ್ತು ರೋಗಿಗೆ ಸರದಿಯ ಕಟ್ಟೇ ಇರಕೂಡದೆಂದು ಬೇರೆ ಹೇಳಬೇಕಾಗಿಲ್ಲ.

‘ಬರುವ ಜನಸಂದಣಿಗೆ ವೈದ್ಯರೇ ಸಾಲದಿರುವಾಗ ಸರದಿಯಿಂದ ಆಗುವುದೇನು?’ ಎಂದು ಕೆಲವರು ಕೇಳಬಹುದು. ಸರದಿಯು ವೈದ್ಯರನ್ನು ಸೃಷ್ಟಿಸಲಾರದು, ನಿಜ. ಆದರೆ ಎಷ್ಟು ಮಂದಿ ಕೇಳಿದರು, ಎಷ್ಟು ಮಂದಿಗೆ ದೊರೆಯಿತು, ಎಷ್ಟು ದಿನ ಕಾದರು ಎಂಬ ಲೆಕ್ಕವು ಆ ದಫ್ತರದಲ್ಲಿ ನಿಲ್ಲುವುದು. ಇಂದು ಸಾಲಿನಲ್ಲಿ ನಿಂತು ಹಿಂದಿರುಗಿ ಹೋದವನ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಕೊರತೆಯು ಬರಹಕ್ಕೆ ಬಂದರೆ ಅದನ್ನು ನೀಗಿಸಿರೆಂದು ಕೇಳುವ ಹಕ್ಕಿಗೆ ಬಲ ಬರುವುದು.

ಸ್ವರಾಜ್ಯವೆಂದರೆ ಪ್ರಜೆಯ ಕಾಲಕ್ಕೂ ಬೆಲೆಯುಂಟೆಂದು ಅಧಿಕಾರವು ಒಪ್ಪುವುದು. ಧಣಿಯ ಬಾಗಿಲಲ್ಲಿ ಕಾಯುವುದು ಆಳಿನ ಧರ್ಮವೆಂಬ ಕಾಲವು ಕಳೆದುಹೋಯಿತು. ಆಸ್ಪತ್ರೆಯು ಪ್ರಜೆಗಳದು, ಅದರ ವೆಚ್ಚವು ಪ್ರಜೆಗಳದು. ‘ತಾಯಿ, ನಿಮ್ಮ ಸರದಿ ಹತ್ತೂವರೆ ಗಂಟೆಗೆ’ ಎಂದು ಮರ್ಯಾದೆಯಿಂದ ಹೇಳಿ ಆ ಮಾತನ್ನು ನಡೆಸಿಕೊಡುವ ಆಸ್ಪತ್ರೆಯು, ಔಷಧಿ ಕೊಡುವುದಕ್ಕೆ ಮೊದಲೇ ರೋಗಿಯ ಅರ್ಧ ಭಾರವನ್ನು ಇಳಿಸಿದಂತಾಗುವುದು.